ಮುಟ್ಟದೆ ತೇಲಿಸಿದವರು

ಮಾಸ್ಟ್ರ ಕತ್ತಿನ ಹಿಂಭಾಗದಲ್ಲಿ ಒಂದು ಬಿಳಿ ಗೆರೆಯಿತ್ತು. ಶಾಲೆಯ ಮೈದಾನದ ಬಿಸಿಲಿಗೆ ಕಪ್ಪಾದ ಮೈಯಲ್ಲಿ ಸೀಟಿಯ ದಾರ ಕೂತ ಜಾಗ ಮಾತ್ರ ಬಿಸಿಲು ಕಾಣದೆ ಉಳಿದಿತ್ತು. ನಿವೃತ್ತರಾದ ಮೇಲೂ ಅದು ಮಾಸಲಿಲ್ಲ, ಯಾಕೆಂದರೆ ಅವರು ಆ ದಾರ ತೆಗೆಯಲೇ ಇಲ್ಲ. ಬಂಟ್ವಾಳಕ್ಕೆ ಮೀನಿಗೆ ಬಂದರೂ ಸೀಟಿ ಎದೆಯ ಮೇಲೆ ತೂಗುತ್ತಿತ್ತು.

ನನಗೆ ಅವರು ಡ್ರಿಲ್ ಮಾಸ್ಟ್ರು. ಅವರ ಒಂದು ಉದ್ದ ಸೀಟಿ ಎಂದರೆ ಎಲ್ಲರೂ ಇದ್ದಲ್ಲೇ ಕಲ್ಲಾಗಬೇಕು. ಓಡುತ್ತಿದ್ದವರು ಓಡುವ ಭಂಗಿಯಲ್ಲಿ, ಪೇರಳೆ ಕಚ್ಚಿದವರು ಬಾಯಲ್ಲಿ ಪೇರಳೆ ಇಟ್ಟುಕೊಂಡೇ. ಮದುವೆಯಾಗಿ ಎರಡು ಮಕ್ಕಳಾದ ಮೇಲೂ ದಾರಿಯಲ್ಲಿ ಪೊಲೀಸ್ ಸೀಟಿ ಕೇಳಿದರೆ ನನ್ನ ಕಾಲು ಒಮ್ಮೆ ತಡೆಯುತ್ತಿತ್ತು.

ನಮ್ಮ ಮನೆ ಪೇಟೆಯ ತಗ್ಗಿನ ಬೀದಿಯಲ್ಲಿ. ನೇತ್ರಾವತಿ ಉಕ್ಕಿದರೆ ಮೊದಲು ನಮ್ಮ ಮೆಟ್ಟಿಲಿಗೇ ಬರುವುದು. ಒಂದು ಮಳೆಗಾಲ ನೀರು ಮೆಟ್ಟಿಲಲ್ಲಿ ನಿಲ್ಲದೆ ಒಳಗೆ ಬಂತು. ಮಕ್ಕಳು ಅಪ್ಪನ ಜೊತೆ ನನ್ನ ತವರಿಗೆ ಹೋಗಿದ್ದರು, ನಾನೂ ಅತ್ತೆಯೂ ಮೇಜಿನ ಮೇಲೆ ಕೂತಿದ್ದೆವು. ಕರೆದುಕೊಂಡು ಹೋಗಲು ಬಂದ ದೋಣಿಯಲ್ಲಿ ಮಾಸ್ಟ್ರೂ ಇದ್ದರು. ನನ್ನನ್ನು ಹತ್ತಿಸಿಕೊಳ್ಳುವಾಗ ಕೇಳಿದ್ದು ಒಂದೇ ಮಾತು.

"ಈಜು ಬರ್ತದಾ?"

"ಇಲ್ಲ ಮಾಸ್ಟ್ರೇ."

"ಒಳ್ಳೆ ಕಥೆ. ಹೊಳೆಬದಿಯಲ್ಲಿ ಮನೆ ಮಾಡಿ ಈಜು ಬರುದಿಲ್ಲ ಅಂತೆ. ಬೇರೆಂತ ಬೇಡ ಮಾರಾಯ್ತಿ, ತೇಲಲಿಕ್ಕಾದ್ರೂ ಕಲಿ."

ನಮ್ಮ ಬೀದಿಯ ಹೆಂಗಸರಿಗೆಲ್ಲ ಅದನ್ನೇ ಹೇಳಿದರು. ಸಿದ್ಧಕಟ್ಟೆಯ ಕಡೆ ಅವರ ಮನೆಯ ಹತ್ತಿರ ಹೊಳೆಗೆ ಕಿಂಡಿ ಅಣೆಕಟ್ಟು ಉಂಟು. ಮಳೆ ನಿಂತ ಮೇಲೆ ಅದರ ಕಿಂಡಿಗಳಿಗೆ ಹಲಗೆ ಹಾಕಿ ನೀರು ಕಟ್ಟುತ್ತಾರೆ. ಆಗ ಅಲ್ಲಿ ನೀರು ಕೆರೆಯ ಹಾಗೆ ಸುಮ್ಮನಿರುತ್ತದೆ. ಅಲ್ಲಿ ನಾವು ಮಾಸ್ಟ್ರಿಂದ ಕಲಿಯಲು ಶುರುಮಾಡಿ ಕೈಕಾಲು ಬಡಿಯುವುದು ಬರುವಷ್ಟರಲ್ಲಿ ಲಾಕ್‌ಡೌನ್ ಆಯಿತು. ಆ ಮಳೆಗಾಲವನ್ನೂ ಹೆದರಿಕೊಂಡೇ ಕಳೆದೆವು. ಮೋಡ ಕಟ್ಟಿದ ರಾತ್ರಿಗಳಲ್ಲಿ ಅತ್ತೆ ಮಲಗುತ್ತಿರಲಿಲ್ಲ. ಗೋಡೆಗೆ ಒರಗಿ ಕೂತು ಬಾಗಿಲನ್ನೇ ನೋಡುತ್ತಿದ್ದರು.

ಮುಂದಿನ ಸಲ ಹಲಗೆ ಹಾಕಿದಾಗ ಕೊರೊನಾ ಹೋಗಿರಲಿಲ್ಲ. ಸ್ವಲ್ಪ ಸಡಿಲವಾಗಿತ್ತು, ಅಷ್ಟೆ. ಪಂಚಾಯತಿನವರು ಬಂದು, "ಗುಂಪು ಸೇರಿಸ್ಲಿಕ್ಕಿಲ್ಲ ಮಾಸ್ಟ್ರೇ" ಎಂದರು. "ನಾನು ಗುಂಪು ಮಾಡಿದ್ದು ಯಾವಾಗ? ನನ್ನದು ಸಾಲು" ಎಂದರು ಇವರು. ಹಾಗೇ ಮಾಡಿದರು ಕೂಡ. ನೀರಿನಲ್ಲಿ ಇಬ್ಬರೇ, ಅಡ್ಡ ಕಟ್ಟಿದ ಹಗ್ಗದ ಈ ತುದಿಗೆ ಒಬ್ಬರು, ಆ ತುದಿಗೆ ಒಬ್ಬರು. ಉಳಿದವರು ದಡದಲ್ಲಿ ದೂರ ದೂರ, ಮಾಸ್ಕ್ ಹಾಕಿ. ನೀರಿಗೆ ಇಳಿಯುವಾಗ ತೆಗೆದ ಮಾಸ್ಕಿಗೆ ಗೇರು ಮರದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೊಂಬೆ. ನೀರಿನಲ್ಲಿ ಮಾತಿಲ್ಲ, ಉಗುಳುವುದಿಲ್ಲ. ಬಸ್ಸಿಳಿದು ಬರುವಾಗಲೇ ದೂರದಿಂದ ಕೂಗಿ ಕೇಳುತ್ತಿದ್ದರು.

"ಕೆಮ್ಮು ಉಂಟಾ? ಜ್ವರ? ಬಾಯಿಗೆ ರುಚಿ ಉಂಟಾ?"

ಪಕ್ಕದ ಮನೆಯ ಬೀಡಿ ಕಟ್ಟುವ ಅಕ್ಕ ಅಲ್ಲಿಂದಲೇ ಕೂಗುತ್ತಿದ್ದಳು. "ರುಚಿ ಉಂಟು ಮಾಸ್ಟ್ರೇ, ಮೀನು ಇಲ್ಲ!"

ಆದರೂ ಯಾರಾದರೂ ಮೂಗೆಳೆದರೆ ಆ ಹೊತ್ತಿಗೇ ತಿರುಗಿ ಬಸ್ ಹತ್ತಬೇಕು. ಅದರಲ್ಲಿ ದಾಕ್ಷಿಣ್ಯವಿರಲಿಲ್ಲ. ತಮ್ಮ ಸೀಟಿಗೂ ಅವರು ವಿನಾಯಿತಿ ಕೊಡಲಿಲ್ಲ. ಊದಿದರೆ ಎಂಜಲು ಹಾರುತ್ತದೆ ಎಂದು ಅದನ್ನು ಅಂಗಿಯ ಒಳಗೆ ಹಾಕಿ, ಸೀಮೆಎಣ್ಣೆಯ ಹಳೆ ಡಬ್ಬಕ್ಕೆ ಕೋಲಿನಿಂದ ಬಡಿಯುತ್ತಿದ್ದರು. ಒಂದು ಪೆಟ್ಟು ಬಿದ್ದರೆ ನೀರಿಗೆ ಇಳಿಯಬೇಕು, ಎರಡು ಬಿದ್ದರೆ ದಡ ಹತ್ತಬೇಕು.

"ಕೊರೊನಾಕ್ಕೆ ತಟ್ಟೆ ಬಡಿದು ಆಯ್ತು, ಈಗ ಡಬ್ಬ" ಎಂದು ಅಕ್ಕ ಮಾಸ್ಕಿನೊಳಗೆ ನಗುತ್ತಿದ್ದಳು.

ನೀರಿನಲ್ಲಿ ತೇಲಲು ನಮ್ಮಲ್ಲಿ ಎರಡು ಒಣ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಜೋಡಿ ಕಟ್ಟಿ ಬೆನ್ನಡಿಗೆ ಕೊಡುತ್ತಾರೆ. ಹಿಂದಿನ ಸಲ ಜೋಡಿಗಳು ಮಾಸ್ಟ್ರವೇ, ಗಂಟೂ ಅವರದೇ. ಈ ಸಲ ಒಬ್ಬರ ಕಾಯಿ ಇನ್ನೊಬ್ಬರು ಮುಟ್ಟುವಂತಿಲ್ಲ, ಅವರವರ ಜೋಡಿಯನ್ನು ಅವರವರೇ ಮನೆಯಿಂದ ತರಬೇಕು. ಅವರು ಉದ್ದದ ಬಿದಿರು ಹಿಡಿದು ದಡದಲ್ಲೇ ನಿಲ್ಲುತ್ತಿದ್ದರು. ಮುಳುಗುವವರು ಬಿದಿರನ್ನು ಹಿಡಿದುಕೊಳ್ಳಬೇಕು, ಮಾಸ್ಟ್ರನ್ನಲ್ಲ.

ಅಕ್ಕ ಬೇಗ ಕಲಿತಳು. ನನಗೆ ಮಾತ್ರ ಕಾಯಿ ಬಿಟ್ಟು ತೇಲಲು ಧೈರ್ಯ ಬರಲಿಲ್ಲ. ಸೆಕೆ ಜೋರಾಗಿ ಮಳೆಗಾಲ ಹತ್ತಿರವಾಗುತ್ತಿತ್ತು. ಮಳೆಗೆ ಮೊದಲು ಹಲಗೆ ತೆಗೆದರೆ ಮತ್ತೆ ಕಲಿಯಲು ನೀರಿಲ್ಲ. "ಈ ಸಲವೂ ನೀನು ಮೇಜು ಹತ್ತುದಾ?" ಎಂದು ಮಾಸ್ಟ್ರು ಕೇಳುತ್ತಿದ್ದರು.

ಒಂದು ಬೆಳಿಗ್ಗೆ ನಡು ನೀರಿನಲ್ಲಿ ಬೆನ್ನ ಮೇಲೆ ಮಲಗಿದ್ದೆ. ಬೆನ್ನಡಿಯಲ್ಲಿ ಏನೋ ಜಾರಿತು. ನೋಡುವಾಗ ಒಂದು ಕಾಯಿ ತನ್ನ ಪಾಡಿಗೆ ಅಣೆಕಟ್ಟಿನ ಕಡೆ ಹೋಗುತ್ತಿದೆ. ಮೂಗಿಗೆ ನೀರು ಹೋಯಿತು, ಕೈಕಾಲು ಬಡಿಯತೊಡಗಿದೆ. ಬಿದಿರು ಹತ್ತಿರವೇ ಬಂದಿತ್ತಂತೆ, ನನಗೆ ಕಾಣಲಿಲ್ಲ. ಮಾಸ್ಟ್ರು ಮಾಸ್ಕಿನೊಳಗಿಂದ ಕೂಗಿದ್ದು ತಿಳಿಯಲಿಲ್ಲ. ಆಮೇಲೆ ಕೇಳಿದ್ದು ಒಂದು ಉದ್ದ ಸೀಟಿ.

ನನ್ನ ಮೈ ಕಲ್ಲಾಯಿತು. ಯೋಚಿಸಿ ಮಾಡಿದ್ದಲ್ಲ. ಕೈ ಅಗಲಿಸಿದ್ದು ಅಗಲಿಸಿದ ಹಾಗೆ, ಕಾಲು ಚಾಚಿದ್ದು ಚಾಚಿದ ಹಾಗೆ ನಿಂತುಬಿಟ್ಟವು. ನೀರು ನನ್ನನ್ನು ಮೆಲ್ಲನೆ ಎತ್ತಿತು.

"ಹಾಂ, ಹಾಗೇ. ಆಕಾಶ ನೋಡು. ಹಾಗೇ ಇರು."

ಎಷ್ಟು ಹೊತ್ತು ಇದ್ದೆನೋ. ಬಿದಿರು ಹೆಗಲಿಗೆ ತಾಗಿದಾಗ ಹಿಡಿದು ದಡಕ್ಕೆ ಬಂದೆ. ಅಷ್ಟರಲ್ಲಿ ಮಾಸ್ಟ್ರು ಮಾಸ್ಕ್ ಮತ್ತೆ ಏರಿಸಿ ದೂರ ಹೋಗಿ ನಿಂತಿದ್ದರು. ಬಕೆಟಿನ ನೀರಿನಲ್ಲಿ ಸೀಟಿಯನ್ನು ಸೋಪು ಹಾಕಿ ತೊಳೆಯುತ್ತಿದ್ದರು.

"ಗಂಟು ಕಟ್ಟಿದ್ದು ಯಾರು?"

ಹಿಂದಿನ ದಿನ ಗಸಿಯ ಮಸಾಲೆಗೆ ಕಾಯಿ ಇಲ್ಲದೆ ಅತ್ತೆ ಜೋಡಿಯಿಂದ ಒಂದನ್ನು ಬಿಚ್ಚಿ ಸುಲಿದು ಕಡೆದಿದ್ದರು. ಬೆಳಿಗ್ಗೆ ಬೇರೆ ಕಾಯಿ ತಂದು, ಮಲ್ಲಿಗೆ ಕಟ್ಟುವ ಬಾಳೆನಾರಿನಲ್ಲಿ ಬಿಗಿದು ಕೊಟ್ಟಿದ್ದರು. ಅಷ್ಟನ್ನು ಹೇಳಿದೆ. ಬೈಯುತ್ತಾರೆ ಎಂದುಕೊಂಡೆ.

"ಉಳಿದ ಕಾಯಿಯನ್ನೂ ಕಡೀಲಿಕ್ಕೆ ಹೇಳು ಅತ್ತೆಗೆ" ಎಂದರು. "ನಿನಗೆ ಇನ್ನು ಅದು ಬೇಡ."

ಹಲಗೆ ತೆಗೆಯುವ ಮೊದಲೇ ಮಾಸ್ಟ್ರು ಹೋದರು. ಜ್ವರ ಬಂತು, ಮಂಗಳೂರಿಗೆ ಕರೆದುಕೊಂಡು ಹೋದರು, ತಿರುಗಿ ತರಲಿಲ್ಲ. ಎಲ್ಲಿಂದ ತಾಗಿತು ಎಂದು ಯಾರಿಗೂ ಗೊತ್ತಾಗಲಿಲ್ಲ. ಹೊಳೆಗೆ ಬಂದ ನಮಗೆ ಯಾರಿಗೂ ಏನೂ ಆಗಿರಲಿಲ್ಲ. ಅವರ ಸೊಸೆ ಫೋನ್ ಮಾಡುವಾಗ ನಾನು ಕುಚ್ಚಲಕ್ಕಿ ತೊಳೆಯುತ್ತಿದ್ದೆ. "ಹೌದಾ" ಎಂದೆ. ಅಕ್ಕಿಯನ್ನು ಮತ್ತೊಮ್ಮೆ ತೊಳೆದೆ, ಒಲೆಗಿಟ್ಟೆ, ಗಂಜಿ ಬಸಿದೆ. ಬೇಲಿಯಾಚೆ ಅಕ್ಕನಿಗೆ ಹೇಳಿದಾಗ ಅವಳೂ "ಹೌದಾ" ಎಂದು, ಮಡಿಲಲ್ಲಿದ್ದ ಬೀಡಿ ಎಲೆ ಕತ್ತರಿಸುವುದನ್ನು ಮುಂದುವರಿಸಿದಳು. ಆ ದಿನಗಳಲ್ಲಿ ಅಂಥ ಸುದ್ದಿ ದಿನಾ ಬರುತ್ತಿತ್ತು. ಅಳು ಆಮೇಲೆ ಬರಬಹುದು ಎಂದು ಕಾದೆ, ಬರಲಿಲ್ಲ. ಒಂದು ಕಾಲು ಜೋಮು ಹಿಡಿದರೆ ಅದು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡುತ್ತೇವಲ್ಲ, ಹಾಗೆ ಆಗಾಗ ಅವರನ್ನು ನೆನೆಸಿಕೊಂಡು ನೋಡುತ್ತಿದ್ದೆ.

ಮಳೆ ಜೋರಾಗುವ ಆಟಿ ತಿಂಗಳಲ್ಲಿ ಹೊಳೆ ಏರಿತು. ಒಂದು ಮಧ್ಯಾಹ್ನ ನಮ್ಮ ಕೆಳಗಿನ ಮೆಟ್ಟಿಲು ಕಾಣದಾಯಿತು, ಆಮೇಲೆ ಅದರ ಮೇಲಿನದು. ಮಕ್ಕಳನ್ನು ಅಪ್ಪನ ಜೊತೆ ನನ್ನ ತವರಿಗೆ ಕಳಿಸಿ, ಅಕ್ಕಿಯ ಡಬ್ಬ, ಹಾಸಿಗೆ, ಅವರ ಪುಸ್ತಕ ಎಲ್ಲ ಅಟ್ಟಕ್ಕೆ ಸಾಗಿಸಿದೆ. ಹೆದರಿಕೆ ಆಗಲಿಲ್ಲ. ಬೇರೆ ಏನೂ ಅನ್ನಿಸಲೂ ಇಲ್ಲ. ಹೊಸ್ತಿಲ ಮೇಲೆ ಕೂತು ನೀರನ್ನು ನೋಡುತ್ತಿದ್ದೆ.

"ಒಳಗೆ ಬಂದ್ರೆ ನೀನು ತೇಲ್ತಿಯಲ್ಲ?" ಎಂದು ಅತ್ತೆ ಕೇಳಿದರು.

"ತೇಲ್ತೇನೆ."

"ನನ್ನನ್ನು?"

"ನಿಮ್ಮನ್ನೂ ಹಿಡ್ಕೊಳ್ತೇನೆ. ಅಲುಗಾಡ್ಲಿಕ್ಕಿಲ್ಲ, ಅಷ್ಟೇ."

ಅತ್ತೆ ಚಾಪೆ ಬಿಡಿಸಿ ಗೋಡೆಯ ಕಡೆ ತಿರುಗಿ ಮಲಗಿದರು. ಹೊರಗೆ ಮಳೆ ಹೊಡೆಯುತ್ತಲೇ ಇತ್ತು, ನೀರು ಹೊಸ್ತಿಲಿಂದ ಒಂದು ಮೆಟ್ಟಿಲು ಕೆಳಗೆ ತಡೆದು ನಿಂತಿತ್ತು. ಒಳಗಿಂದ ಗೊರಕೆ ಕೇಳತೊಡಗಿತು. ನಾನು ಆ ಮನೆಗೆ ಬಂದ ಮೇಲೆ, ಹೊಳೆ ಮೆಟ್ಟಿಲಿಗೆ ಬಂದಿರುವಾಗ ಅತ್ತೆ ನಿದ್ದೆ ಹೋದದ್ದನ್ನು ಕಂಡದ್ದು ಅದೇ ಮೊದಲು.