ಊರೆಲ್ಲ ಗಿಮ್ಮರ್‌ತ್ವೇಟ್, ಓಗೊಡುವವರು ಯಾರೂ ಇಲ್ಲ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಯಾರ್ಕ್‌ಶೈರಿನ ಸ್ಕಾರ್‌ಬೆಕ್ ಕಣಿವೆಯ ಚರ್ಚಿನ ಹಿಂದೆ, ಸೊಂಟದಾಳದ ಗುಂಡಿಯೊಳಗಿಂದ ಹಾರೆಯ ಸದ್ದು ಬರುತ್ತಿದೆ, ನಡುನಡುವೆ ಬೈಗುಳವೂ. ಅಗೆಯುತ್ತಿರುವವರು ಎಪ್ಪತ್ತರ ಹತ್ತಿರದ ಈನಕ್. ಕಣಿವೆಯಲ್ಲಿ ಯಾರೇ ಕಣ್ಣು ಮುಚ್ಚಲಿ, ಕೊನೆಯ ಹಾಸಿಗೆ ಹಾಸಿಕೊಡುವವರು ಇವರೇ. ಇವತ್ತು ಯಾರಿಗೆ ಎಂದರೆ, "ಆಗ್ನೆಸ್ ಅಜ್ಜಿಗೆ. ಬದುಕಿದ್ದಾಗ ಗಟ್ಟಿ ಹೆಂಗಸು. ನೆಲಾನೂ ಹಂಗೇ ಸಿಕ್ಕೈತೆ ನೋಡಿ," ಎಂದು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ.

ಅಜ್ಜಿಯ ಕಲ್ಲಿನ ಮೇಲೆ ಬರುವುದು ಗಿಮ್ಮರ್‌ತ್ವೇಟ್ ಎಂದೇ. ಇಲ್ಲಿ ಮಲಗಿದವರೆಲ್ಲ ಗಿಮ್ಮರ್‌ತ್ವೇಟರೇ. ಎಂದೋ ಹಿರಿಯರು ಕಾಡು ಕಡಿದು, ಎಳೆಯ ಹೆಣ್ಣುಕುರಿಗಳನ್ನು ಮೇಯಿಸಿದ ಬಯಲಿಗೆ ಆ ಹೆಸರಿತ್ತು. ಆಮೇಲೆ ಅದು ಜನಕ್ಕೆ ಅಂಟಿಕೊಂಡಿತು. ಇಂಗ್ಲೆಂಡಿನ ಬೇರೆಲ್ಲೂ ಈ ಮನೆತನದ ಹೆಸರು ಹುಡುಕಿದರೂ ಸಿಗದು. ಕಣಿವೆ ಬಿಟ್ಟರೆ ಇರುವುದು ದೂರದ ಟ್ಯಾಸ್ಮೇನಿಯಾದಲ್ಲಿ. ಅಲ್ಲಿಗೆ ಒಯ್ದವನು ಟಗರು ಕದ್ದು ಗಡೀಪಾರಾದ ಸೈಲಸ್. ಕುರಿಯಿಂದ ಹುಟ್ಟಿದ ಹೆಸರು ಕುರಿ ಕದ್ದೇ ಹರಡಿತು!

ಊರಿಗೆ ಊರೇ ಒಂದೇ ಹೆಸರಿಟ್ಟುಕೊಂಡರೆ ಅದನ್ನು ಕೂಗಿ ಏನು ಪ್ರಯೋಜನ? ಹಾಗಾಗಿ ಅಜ್ಜಿಯ, ಅಪ್ಪನ ಹೆಸರು ಹಿಡಿದೇ ಕರೆಯುವುದು ರೂಢಿ. ಇವರು 'ಬೆಸ್ಸಿಯ ಸ್ಯಾಮನ ಈನಕ್'. ಗಿಮ್ಮರ್‌ತ್ವೇಟ್ ಏನಿದ್ದರೂ ಸತ್ತ ಮೇಲಿನ ಮಾತು.

ಹೋದ ಬೇಸಿಗೆಯಲ್ಲಿ ಸೈಲಸನ ವಂಶದ ಮರ್ಲ್ ಎಂಬಾಕೆ ಟ್ಯಾಸ್ಮೇನಿಯಾದಿಂದ ಬಂದು, ಗಿಮ್ಮರ್‌ತ್ವೇಟ್ ಮನೆತನದವರು ಯಾರಾದರೂ ಇದ್ದಾರೆಯೇ ಎಂದು ಇವರನ್ನೇ ಕೇಳಿದರು. "ಜೀವಂತ ಯಾರೂ ಇಲ್ಲಮ್ಮ. ಎಲ್ಲ ಆ ಕಡೆ ಮಲಗವ್ರೆ," ಎಂದು ಈನಕ್ ಕೈ ತೋರಿಸಿಬಿಟ್ಟರು. ತಾನೂ ಒಬ್ಬ ಗಿಮ್ಮರ್‌ತ್ವೇಟ್ ಎಂದು ನೆನಪಾದದ್ದು ಸಂಜೆ ಚಹಾ ಕುಡಿಯುವಾಗ.

ಆಕೆಗೆ ಬೇಕಿದ್ದದ್ದು ಸೈಲಸನ ಅಪ್ಪ ಈನಕ್‌ನ ಗೋರಿ. ಅಲ್ಲಿ ಮೂವರು ಈನಕ್‌ಗಳಿದ್ದಾರೆ. ಆಕೆ ದೊಡ್ಡ ಕಲ್ಲು ಆರಿಸಿಕೊಂಡು ಹೂವಿಟ್ಟು ಅತ್ತರು. ಅದು ಟಗರಿನ ಯಜಮಾನನಾಗಿದ್ದ ಇನ್ನೊಬ್ಬ ಈನಕ್‌ನದು, ಸೈಲಸನನ್ನು ಹಿಡಿದುಕೊಟ್ಟವನದು.

"ಹೇಳಬಾರದಿತ್ತೇ?" ಎಂದರೆ ಈನಕ್ ಕೊಡುವ ಉತ್ತರ:

"ಅಷ್ಟು ಚೆಂದಾಗಿ ಅಳ್ತಿದ್ರು. ನಡುವೆ ಬಾಯಿ ಹಾಕೋಕೆ ಮನಸ್ಸು ಬರಲಿಲ್ಲ. ಅವರು ಹೋದ್ಮೇಲೆ ಹೂವು ತೆಗೆದು ಸೈಲಸನ ಅಪ್ಪನ ಹತ್ರ ಇಟ್ಟೆ."

ಅಂದಿನಿಂದ ಈನಕ್‌ಗೆ ಒಂದೇ ಚಿಂತೆ. ನಾಳೆ ತಾನು ಇಲ್ಲಿ ನಾಲ್ಕನೆಯ ಈನಕ್. ತನ್ನ ಹೂವು ಯಾರ ಪಾಲಾಗುತ್ತದೋ! ಕಲ್ಲಿನ ಮೇಲೆ 'ಬೆಸ್ಸಿಯ ಸ್ಯಾಮನ ಈನಕ್' ಎಂದೇ ಕೆತ್ತಿಸಬೇಕೆಂಬುದು ಅವರ ಆಸೆ. ಪಾದ್ರಿ ಪ್ರುಡೆನ್ಸ್ ಅಮ್ಮನವರು ಜಪ್ಪಯ್ಯ ಎಂದರೂ ಒಪ್ಪುತ್ತಿಲ್ಲ. ಗುಂಡಿ ನೋಡಲು ಬಂದವರು ಇವತ್ತೂ ಅದೇ ರಾಗ ಹಾಡುತ್ತಾರೆ. "ಕರೆಯೋ ಹೆಸರು ಕಲ್ಲಿನ ಮೇಲೆ ಹಾಕೋ ಪದ್ಧತಿ ಇಲ್ಲ ಈನಕ್."

ಚಹಾ ತಂದ ಹೆಂಡತಿ ಕೆಜಾಯಾ ಫ್ಲಾಸ್ಕ್ ಕೆಳಗಿಡುತ್ತಾರೆ. "ಅಮ್ಮಾವ್ರೇ, ಮದುವೆ ಆದಾಗಿಂದ ಈ ಮುದುಕನ್ನ ದಿನಾ ಬೈಕೊಂಡು ಬಂದಿದೀನಿ. ಇವನು ಹೋದ್ಮೇಲೂ ಬಿಡೋಳಲ್ಲ. ಕಲ್ಲು ತಪ್ಪಿ ಬೇರೆಯವಳ ಗಂಡನ್ನ ಬೈದ್ರೆ, ಆ ಪಾಪ ಯಾರ ತಲೆಗೆ?"

ಪಾದ್ರಿಯಮ್ಮ ಕೆಮ್ಮುವವರಂತೆ ನಕ್ಕು ಮುಖ ತಿರುಗಿಸುತ್ತಾರೆ. "ಆಯ್ತು, ಕೆತ್ತಿಸಿ. ಆದ್ರೆ ಕೆಳಗಡೆ, ಸಣ್ಣಕ್ಷರದಲ್ಲಿ."

ಈನಕ್ ಗುಂಡಿಯೊಳಗಿಂದ ಹೆಂಡತಿಯನ್ನು ನೋಡುತ್ತಾರೆ. "ಸಣ್ಣದಾದ್ರೂ ಪರವಾಗಿಲ್ಲ ಬಿಡಿ. ಇವಳು ದೂರ ನಿಂತು ಬೈಯೋಳಲ್ಲ, ಹತ್ರ ಬಂದೇ ಬೈತಾಳೆ."