ಬೇಡ ಅಂದದ್ದೆಲ್ಲ ಡಬ್ಬಿಗೆ

ದೊಡ್ಡಾಸ್ಪತ್ರೆಯ ಹಿಂಬದಿಯಲ್ಲಿ, ಅಡುಗೆಮನೆಗೂ ಔಷಧಿ ಉಗ್ರಾಣಕ್ಕೂ ನಡುವೆ, ಲಾಂಡ್ರಿಯ ತಗಡಿನ ಬಾಗಿಲಿದೆ. ಬೆಳಕು ಹರಿಯುವ ಮೊದಲೇ ಅದರ ಸಂದಿಯಿಂದ ಬಿಸಿ ಹಬೆ ಹೊರಗೆ ನುಗ್ಗುತ್ತಿದೆ. ಒಳಗೆ ಇಬ್ಬರು ಹೆಂಗಸರು ಎದುರುಬದುರು ನಿಂತು ಒಂದು ಬಿಳಿ ಬೆಡ್‌ಶೀಟಿನ ನಾಲ್ಕು ಮೂಲೆ ಹಿಡಿದಿದ್ದಾರೆ. ಜಗ್ಗಿ ಬಿಗಿ ಮಾಡುತ್ತಾರೆ, ಹತ್ತಿರ ಬಂದು ಮೂಲೆಗೆ ಮೂಲೆ ಕೂಡಿಸುತ್ತಾರೆ, ಮತ್ತೆ ದೂರ ಸರಿಯುತ್ತಾರೆ. ಮಾತಿಲ್ಲ, ಕತೆಯಿಲ್ಲ. ಪಕ್ಕದ ಕೈಗಾಡಿ ಮಾತ್ರ ತುಂಬುತ್ತಾ ಹೋಗುತ್ತದೆ. ವಾರ್ಡುಗಳಲ್ಲಿ ರೋಗಿಗಳು ಏಳುವ ಹೊತ್ತಿಗೆ ನಾನೂರು ಬೆಡ್‌ಶೀಟು ಮಡಿಕೆಯಾಗಿ ಮೇಲಕ್ಕೆ ಹೋಗಿರಬೇಕು.

ಆ ಇಬ್ಬರಲ್ಲಿ ಸಣಕಲು ಮೈಯವರನ್ನು ಇಲ್ಲಿ ಎಲ್ಲರೂ ‘ಬೇಡಮ್ಮ’ ಎಂದೇ ಕರೆಯುತ್ತಾರೆ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಆರಾಮಾಗಿ ಮಲಗಿದೆ. ಚಹಾದವನು ಬಂದರೆ ‘ಬೇಡಪ್ಪ’. ಕಂತಿನ ಮೇಲೆ ಬಟ್ಟೆ ಮಾರುವವಳು ಬಂದು ಗಂಟು ಬಿಚ್ಚಿದರೆ ಇವರು ಒಂದೊಂದನ್ನೂ ಮುಟ್ಟಿ, ಬೆಳಕಿಗೆ ಹಿಡಿದು, ಬೆಲೆ ಕೇಳಿ, ಚೌಕಾಸಿ ಮಾಡಿ, ಅರ್ಧಕ್ಕರ್ಧ ಇಳಿಸಿ, ಕೊನೆಗೆ ‘ತುಂಬಾ ಚೆನ್ನಾಗಿದೆ, ಬೇಡ’ ಎಂದು ಎದ್ದುಬಿಡುತ್ತಾರೆ. ಮಾರುವವಳು ಈಗ ಇವರನ್ನು ಕಂಡರೆ ಗಂಟನ್ನೇ ಬಿಚ್ಚುವುದಿಲ್ಲ.

“ಬೇಡ ಅಂದಾಗ ಇವಳ ಮುಖ ನೋಡ್ಬೇಕು ನೀವು. ನಾವೆಲ್ಲ ಏನಾದ್ರೂ ತಗೊಂಡಾಗ ಹಂಗೆ ನಗ್ತೀವಿ,” ಎನ್ನುತ್ತಾರೆ ಬೆಡ್‌ಶೀಟಿನ ಆಚೆ ತುದಿಯ ಜೊತೆಗಾತಿ.

ಜಿಪುಣಿ ಎಂದು ಮೂಗು ಮುರಿಯುವವರೂ ಇದ್ದಾರೆ. ಬೇಡಮ್ಮ ಅದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. “ಜಿಪುಣರಿಗೆ ಆಸೆಯೇ ಇರಲ್ಲ. ನಂಗೆ ಕಂಡಿದ್ದೆಲ್ಲಾ ಬೇಕು ಅನ್ಸುತ್ತೆ. ಬೇಕು ಅನ್ಸಿದ್ರೆ ತಾನೇ ಬೇಡ ಅನ್ನೋಕೆ ಮಜಾ?” ಎಂದು ಕೈಯಲ್ಲಿದ್ದ ದಿಂಬಿನ ಚೀಲವನ್ನು ಪಟ್ಟೆಂದು ಒದರುತ್ತಾರೆ.

ಈ ಮಜಾಕ್ಕೆ ಒಂದು ನಿಯಮವಿದೆ, ಒಬ್ಬ ಎದುರಾಳಿಯಿದ್ದಾರೆ, ಒಬ್ಬ ತೀರ್ಪುಗಾರ್ತಿಯೂ ಇದ್ದಾರೆ. ಎದುರಾಳಿ ಅವರ ಗಂಡ, ಊರಾಚೆಯ ಗೋದಾಮಿನಲ್ಲಿ ಲಾರಿಗಳಿಗೆ ಪೆಟ್ಟಿಗೆ ಹೇರುವವರು. ತೀರ್ಪುಗಾರ್ತಿ ಅತ್ತೆ. ಮೂವರ ಮನೆಯೆಂದರೆ ಒಂದು ಕೋಣೆ, ಅಡುಗೆಗೆ ಒಂದು ಮೂಲೆ, ಬಾಗಿಲ ಪಕ್ಕ ಒಂದು ಕಿಟಕಿ. ಕಿಟಕಿಯ ಕಟ್ಟೆಯ ಮೇಲೆ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ. ದಿನದಲ್ಲಿ ಯಾವುದಕ್ಕೆ ಮನಸ್ಸು ನಿಜವಾಗಿ ಹಾತೊರೆದು, ‘ಬೇಡ’ ಎಂದು ದಾಟಿ ಬಂದರೋ ಅದರ ಬೆಲೆಯನ್ನು ಅದೇ ದಿನ ಡಬ್ಬಿಗೆ ಹಾಕಬೇಕು. ಏನನ್ನು ಬೇಡ ಅಂದದ್ದು ಎಂದು ಅತ್ತೆಗೆ ಹೇಳಬೇಕು. ಹೆಚ್ಚು ಹಾಕಿದವರು ಆ ದಿನ ಗೆದ್ದಂತೆ.

“ಒಂದಿನ ಇವನು, ‘ಅಮ್ಮಾ, ಇವತ್ತು ನಾನು ಕಾರೇ ಬೇಡ ಅಂದೆ, ಬರ್ಕೋ’ ಅಂದ. ದುಡ್ಡೆಲ್ಲಿ ಮಗನೇ ಅಂದೆ. ಹಲ್ಲು ಕಿರಿದ. ಅಂಥ ಮೋಸ ನನ್ನ ಹತ್ರ ನಡೆಯಲ್ಲ,” ಎನ್ನುತ್ತಾರೆ ಅತ್ತೆ. ಮೊಣಕಾಲು ನೋವು ಅವರನ್ನು ಮನೆಯಲ್ಲೇ ಕೂರಿಸಿದೆ. ಬಾಯಿಗೆ ಮಾತ್ರ ಯಾವ ನೋವೂ ಇಲ್ಲ.

ಗಂಡ ಹೆಂಡತಿಯೇ ಎದುರೆದುರು ಹೇಳಿಕೊಂಡರಾಗದೇ, ಅತ್ತೆ ಯಾಕೆ ನಡುವೆ ಎಂದು ಕೇಳಿದರೆ ಬೇಡಮ್ಮ ಮಡಚಿದ್ದನ್ನು ಕೈಗಾಡಿಗೆ ಇಟ್ಟು, ಮನೆಯ ದಿನಚರಿ ಬಿಡಿಸಿ ಹೇಳುತ್ತಾರೆ.

ಇವರು ಮನೆ ಬಿಡುವುದು ಬೆಳಗಿನ ಜಾವ ನಾಲ್ಕಕ್ಕೆ. ಆಗ ಗಂಡ ಗಾಢ ನಿದ್ದೆಯಲ್ಲಿರುತ್ತಾರೆ. ಅವರು ಗೋದಾಮು ಮುಗಿಸಿ ಬರುವ ಹೊತ್ತಿಗೆ ಇವರದು ಅರ್ಧ ನಿದ್ದೆ ಆಗಿರುತ್ತದೆ. ವಾರದ ರಜೆಯೂ ಬೇರೆ ಬೇರೆ ದಿನ, ಆ ದಿನವೂ ಇಬ್ಬರೂ ಎಲ್ಲಾದರೂ ಬಿಡಿ ಕೆಲಸ ಹುಡುಕಿಕೊಂಡು ಹೊರಡುತ್ತಾರೆ. ಇರುವ ಒಂದು ಫೋನು ಆಪತ್ತಿಗೆಂದು ಅತ್ತೆಯ ದಿಂಬಿನ ಕೆಳಗಿದೆ. ಆರು ವರ್ಷದಿಂದ ಇದೇ ಸಂಸಾರ.

“ನಿದ್ದೇಲಿ ಕಣ್ಣು ಮುಚ್ಚಿರೋ ಅವರ ಮುಖಾನೇ ನಂಗೆ ಚೆನ್ನಾಗಿ ಗೊತ್ತು. ಹೊರಡೋ ಮುಂಚೆ ಸ್ವಲ್ಪ ಹೊತ್ತು ನೋಡ್ತಾ ಕೂತಿರ್ತೀನಿ. ಎಬ್ಬಿಸ್ಬಿಡೋಣ ಅನ್ಸುತ್ತೆ, ಬರೀ ಒಂದು ಮಾತಿಗೆ. ದಿನಾ ಅನ್ಸುತ್ತೆ. ಪಾಪ, ಬೆನ್ನು ಬಿದ್ದುಹೋಗಿರುತ್ತೆ ಅವರಿಗೆ. ಬೇಡ ಅಂತ ಎದ್ದುಬಿಡ್ತೀನಿ. ಅದಕ್ಕೆ ಮಾತ್ರ ಡಬ್ಬಿಗೆ ಎಷ್ಟು ಹಾಕ್ಬೇಕೋ ಗೊತ್ತಾಗಲ್ಲ.”

ಮೊದಲು ಹೀಗಿರಲಿಲ್ಲ. ಗಂಡನಿಗೆ ಮಗ್ಗದ ಕಾರ್ಖಾನೆಯಲ್ಲಿ ಹಗಲಿನ ಕೆಲಸವಿತ್ತು, ಸಂಜೆ ಇಬ್ಬರೂ ಒಂದೇ ಹೊತ್ತಿಗೆ ತಟ್ಟೆ ಮುಂದೆ ಕೂರುತ್ತಿದ್ದರು. ಕಾರ್ಖಾನೆ ಮುಚ್ಚಿತು. ಎಂಟು ತಿಂಗಳು ಹೊಟ್ಟೆಗೆ ತಣ್ಣೀರು ಬಟ್ಟೆ. ಕೊನೆಗೆ ಸಿಕ್ಕಿದ್ದು ಗೋದಾಮು, ಮಧ್ಯಾಹ್ನ ಒಂದರಿಂದ ನಡುರಾತ್ರಿಯವರೆಗಿನ ಪಾಳಿ. ಬೇಕಾದರೆ ಬಾ, ಇಲ್ಲದಿದ್ದರೆ ಬಿಡು ಎಂದರು. ಬಂದರು.

“ಆ ಎಂಟು ತಿಂಗಳು ನಾವು ಉಳಿಸ್ತಿರ್ಲಿಲ್ಲ, ನಮ್ಮ ಹತ್ರ ಇರ್ಲಿಲ್ಲ ಅಷ್ಟೇ. ಅಂಗಡಿ ಮುಂದೆ ನಿಂತು ‘ಇಲ್ಲ’ ಅಂದ್ರೆ ಕತ್ತು ಬಗ್ಗುತ್ತೆ. ದುಡ್ಡು ಜೇಬಲ್ಲಿಟ್ಕೊಂಡು ‘ಬೇಡ’ ಅಂದ್ರೆ ಕತ್ತೆತ್ಕೊಂಡೇ ಬರ್ಬಹುದು. ಅವರ ಮೊದಲನೇ ಸಂಬಳದ ದಿನ ನಾನು ಬೇಕಂತಲೇ ಆ ಅಂಗಡಿ ಬೀದಿ ಉದ್ದಕ್ಕೂ ಹೋದೆ, ಎಲ್ಲಾ ಅಂಗಡಿಯಲ್ಲೂ ಬೇಡ ಅನ್ಕೊಂಡು ಬಂದೆ. ಹಬ್ಬದ ಥರ ಇತ್ತು,” ಎಂದು ನಗುತ್ತಾರೆ. ಅವತ್ತೇ ಡಬ್ಬಿ ಕಿಟಕಿಗೆ ಏರಿದ್ದು.

ಆಮೇಲೆ ಆಟ ಶುರುವಾಯಿತು. ಇವರು ಹಾಕಿದ್ದನ್ನು ಬೆಳಿಗ್ಗೆ ಎದ್ದು ನೋಡಿ ಅವರು ಮೀಸೆ ತಿರುವುತ್ತಾರೆ, ಮರುದಿನ ಅವರು ಹಾಕಿದ್ದನ್ನು ಕೇಳಿ ಇವರಿಗೆ ರೇಗುತ್ತದೆ. ಆದರೆ ಆಟಕ್ಕಿಂತ ದೊಡ್ಡ ಲಾಭ ಬೇರೆಯೇ ಆಯಿತು. ಗಂಡನಿಗೆ ಏನೇನು ಆಸೆಯಿದೆ ಎಂಬುದು ಬೇಡಮ್ಮನಿಗೆ ತಿಳಿದದ್ದೇ ಡಬ್ಬಿಯಿಂದ. ಉಣ್ಣೆಯ ಕೆಂಪು ಟೋಪಿ ಬೇಡ ಅಂದರಂತೆ. ಕೆಂಪು ಅವರಿಗೆ ಇಷ್ಟವೆಂದು ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಗೊತ್ತಾಯಿತು. ಒಂದು ದಿನ ಡಬ್ಬಿಯಲ್ಲಿ ದೊಡ್ಡ ನೋಟೊಂದು ಬಿದ್ದಿತ್ತು. ಅತ್ತೆಯನ್ನು ಕೇಳಿದರು.

“ಫೋಟೋ ಸ್ಟುಡಿಯೋ ಮುಂದೆ ನಿಂತಿದ್ನಂತೆ ಕಣೇ. ನೀವಿಬ್ಬರೂ ಒಟ್ಟಿಗೆ ಒಂದು ತೆಗೆಸ್ಕೋಬೇಕು ಅನ್ನಿಸ್ತಂತೆ. ಬೇಡ ಅಂತ ಬಂದ್ಬಿಟ್ನಂತೆ,” ಅಂದರು ಅತ್ತೆ. ಅವತ್ತು ಬೇಡಮ್ಮನಿಗೆ ಊಟ ಸೇರಲಿಲ್ಲ. ಸೋತೆನೆಂದು ಬೇಸರವೇನೂ ಆಗಲಿಲ್ಲವಂತೆ.

ಡಬ್ಬಿ ಯಾವುದಕ್ಕಾಗಿ ತುಂಬುತ್ತಿದೆ ಎಂಬುದರಲ್ಲಿ ಗುಟ್ಟೇನಿಲ್ಲ. ಇವರ ಬೀದಿಯ ಮೂಲೆಯಲ್ಲಿ ಒಂದು ಇಸ್ತ್ರಿ ಅಂಗಡಿಯಿದೆ. ಎರಡು ಮೇಜು, ಒಂದು ತಕ್ಕಡಿ, ಹಿಂದುಗಡೆ ಒಗೆಯುವ ಜಾಗ. ನಡೆಸುವ ಮುದುಕರಿಗೆ ಕೈ ನಡುಕ ಶುರುವಾಗಿದೆ. ಮುಂಗಡ ಕೊಟ್ಟರೆ ಅಂಗಡಿಯನ್ನು ಇವರಿಗೇ ಬಿಟ್ಟುಕೊಡುತ್ತೇನೆ, ಬೇಸಿಗೆ ಮುಗಿಯುವವರೆಗೆ ಕಾಯುತ್ತೇನೆ, ಆಮೇಲೆ ಯಾರು ಕೇಳಿದರೆ ಅವರಿಗೆ ಎಂದು ಹೇಳಿದ್ದಾರೆ. ಅಂಗಡಿ ಕೈಗೆ ಬಂದರೆ ಬೇಡಮ್ಮ ಒಂದು ಮೇಜಿಗೆ, ಗಂಡ ಇನ್ನೊಂದು ಮೇಜಿಗೆ. ಬೆಳಗಿನಿಂದ ಸಂಜೆಯವರೆಗೆ ಇಬ್ಬರೂ ಒಂದೇ ಸೂರಿನಡಿ, ಇಬ್ಬರೂ ಎಚ್ಚರ.

ಹೋದ ಚಳಿಗಾಲದವರೆಗೆ ದಿನಕ್ಕೆ ಇಬ್ಬರೂ ಎದುರಾಗುವ ಜಾಗ ಒಂದೇ ಇತ್ತು, ಮನೆ ಹತ್ತಿರದ ಬಸ್‌ಸ್ಟಾಪು. ಮಧ್ಯಾಹ್ನ ಇವರ ಬಸ್ಸು ಬಂದು, ಅವರ ಬಸ್ಸು ಬರುವ ನಡುವೆ ಐದು ನಿಮಿಷ. ಬಸ್ಸು ತಡವಾದರೆ ಎರಡು. ಅಷ್ಟರಲ್ಲಿ ಆ ದಿನದ ಎಲ್ಲ ಮಾತೂ ಆಗಬೇಕು. ಮುಖ ನೋಡುತ್ತಾ ನಿಂತರೆ ಮಾತು ಉಳಿಯುತ್ತಿತ್ತು, ಮಾತಿಗೆ ನಿಂತರೆ ನೋಡುವುದು ಉಳಿಯುತ್ತಿತ್ತು.

ಎಡವಟ್ಟಾದದ್ದು ಇಲ್ಲೇ. ಚಳಿ ಬೀಳುವ ಹೊತ್ತಿಗೆ ಮುಂಗಡಕ್ಕೆ ಇನ್ನೂ ಸಾಕಷ್ಟು ಕಡಿಮೆಯಿತ್ತು. ಬಸ್ಸಿನ ಚಾರ್ಜು ಉಳಿಸಿದರೆ ಅಂಗಡಿ ಕೈತಪ್ಪುವುದಿಲ್ಲ ಎಂದು ಬೇಡಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ನಡೆದು ಬಂದರೆ ಸ್ಟಾಪಿನ ಭೇಟಿ ತಪ್ಪುತ್ತದೆ. ಗಂಡನಿಗೆ ಗೊತ್ತಾದರೆ ನಡೆಯಲು ಬಿಡುವುದಿಲ್ಲ. ಹಾಗಾಗಿ ಅತ್ತೆಯ ಹತ್ತಿರ, “ಲಾಂಡ್ರಿಯಲ್ಲಿ ಕೆಲಸ ಜಾಸ್ತಿಯಾಗಿದೆ, ಇನ್ಮೇಲೆ ಬರೋದು ತಡ ಆಗುತ್ತೆ ಅಂತ ಹೇಳ್ಬಿಡಿ,” ಎಂದು ಒಂದು ಸುಳ್ಳು ಬಿಟ್ಟು, ಕಾಲುವೆ ಏರಿಯ ಮೇಲೆ ನಡೆಯತೊಡಗಿದರು. ಅದೇ ವಾರ ಗಂಡನೂ ಅದೇ ಲೆಕ್ಕ ಹಾಕಿದ್ದರು. “ಗೋದಾಮಿಗೆ ಬೇಗ ಬರೋಕೆ ಹೇಳಿದ್ದಾರೆ ಅಂತ ಅವಳಿಗೆ ಹೇಳಮ್ಮ,” ಎಂದು ತಮ್ಮ ಪಾಲಿನ ಸುಳ್ಳು ಒಪ್ಪಿಸಿ, ರೈಲ್ವೆ ಗೋಡೆಯ ಪಕ್ಕದ ದಾರಿ ಹಿಡಿದರು. ಒಬ್ಬರ ಸುಳ್ಳು ಇನ್ನೊಬ್ಬರಿಗೆ ನೆಮ್ಮದಿ ಕೊಟ್ಟಿತು. ಹೇಗೂ ಸಿಗುವುದಿಲ್ಲವಲ್ಲ, ಬಸ್ಸಾದರೂ ಯಾಕೆ ಎಂದುಕೊಂಡರು ಇಬ್ಬರೂ.

ಚಳಿಗಾಲವೆಲ್ಲ ಹೀಗೇ ಹೋಯಿತು. ಡಬ್ಬಿ ಜೋರಾಗಿ ತುಂಬುತ್ತಿತ್ತು. ಚಹಾ ಬೇಡ ಅಂದೆ, ಬಾಚಣಿಗೆ ಬೇಡ ಅಂದೆ ಎಂದು ಬಸ್ಸಿನ ದುಡ್ಡಿಗೆ ಇಬ್ಬರೂ ಸುಳ್ಳು ಹೆಸರು ಇಡುತ್ತಿದ್ದರು. ಸ್ಟಾಪಿನಲ್ಲಿ ಇವರನ್ನು ಕಾಯುವವರು ಯಾರೂ ಇರಲಿಲ್ಲ.

ಹಿಡಿದವರು ಅತ್ತೆ. ಬಾಗಿಲಲ್ಲಿ ಬಿಟ್ಟಿದ್ದ ಸೊಸೆಯ ಚಪ್ಪಲಿಯ ಹಿಮ್ಮಡಿ ಸವೆದು ಆಚೆ ಬದಿ ಕಾಣುತ್ತಿತ್ತು. ಎರಡು ದಿನದ ಹಿಂದೆ ಮಗನ ಚಪ್ಪಲಿಯೂ ಹಾಗೇ ಆಗಿ, ಹೊಲಿಸಲು ಅವರು ಡಬ್ಬಿಗೆ ಕೈ ಹಾಕಿದ್ದರು. “ಬಸ್ಸಲ್ಲಿ ಕೂತ್ಕೊಂಡು ಹೋಗೋರ ಚಪ್ಪಲಿ ಹಿಂಗೆ ಸವೆಯುತ್ತಾ? ಸೊಸೆಯನ್ನ ಕೂರಿಸಿ ಕೇಳಿದೆ, ಬಾಯಿ ಬಿಟ್ಲು. ಮಾರನೇ ದಿನ ಮಗನನ್ನ ಕೇಳಿದೆ, ಅವನೂ ಬಾಯಿ ಬಿಟ್ಟ. ಅವಳೂ ನಡ್ಕೊಂಡೇ ಬರ್ತಿದ್ಲಂತೆ ಕಣೋ ಅಂದೆ. ಮೊದಲು ನಕ್ಕ. ಆಮೇಲೆ ಟವೆಲು ಮುಖಕ್ಕೆ ಹಾಕ್ಕೊಂಡು ಕೂತ. ಎಷ್ಟು ಹೊತ್ತಾದ್ರೂ ತೆಗೀಲಿಲ್ಲ.”

ಒಂದು ಚಳಿಗಾಲದ ಐದೈದು ನಿಮಿಷಗಳು. ಅದನ್ನು ಹೇಳುವಾಗ ಬೇಡಮ್ಮ ಬೆಡ್‌ಶೀಟಿನ ಸುಕ್ಕನ್ನು ಅಂಗೈಯಲ್ಲಿ ನೀವುತ್ತಲೇ ಇರುತ್ತಾರೆ, ಸುಕ್ಕು ಹೋದ ಮೇಲೂ. “ಹಾಳು ಬುದ್ಧಿ ನೋಡಿ. ಅವರ ಜೊತೆ ಇರೋಕೆ ಅಂತ ಉಳಿಸೋಕೆ ಹೋಗಿ, ಇದ್ದ ಐದು ನಿಮಿಷಾನೇ ಡಬ್ಬಿಗೆ ಹಾಕ್ಬಿಟ್ಟಿದ್ವಿ.”

ಮತ್ತೆ ಬಸ್ಸು ಹತ್ತೋಣ, ಅಂಗಡಿ ಹೋದರೆ ಹೋಗಲಿ ಎಂದು ಗಂಡ ಅತ್ತೆಯ ಬಾಯಲ್ಲಿ ಹೇಳಿ ಕಳಿಸಿದರು. ಎರಡು ಚಾರ್ಜು ದಿನಾ ಹೋದರೆ ಬೇಸಿಗೆಯೊಳಗೆ ಮುಂಗಡ ಕೂಡುವುದಿಲ್ಲ, ಅದು ಮೂವರಿಗೂ ಗೊತ್ತು. ನಡೆದರೆ ಮುಖ ನೋಡುವಂತಿಲ್ಲ. ಎರಡು ದಿನ ಬೇಡಮ್ಮ ಉತ್ತರ ಕಳಿಸಲಿಲ್ಲ.

“ಮೂರನೇ ದಿನ ಇಲ್ಲೇ, ಮೂಲೆಗೆ ಮೂಲೆ ಕೂಡಿಸ್ತಿದ್ದಾಗ ಹೊಳೀತು. ಇಬ್ಬರೂ ಒಂದೇ ಬಟ್ಟೆ ಹಿಡಿದಿದ್ರೆ ತಾನೇ ತುದಿ ಸೇರೋದು? ನಾನು ಕಾಲುವೆ, ಅವರು ರೈಲ್ವೆ ಗೋಡೆ. ಇಬ್ಬರೂ ಕಾಲುವೆ ಮೇಲೇ ಬಂದ್ರೆ ನಡುವೆ ಸಿಗ್ಲೇಬೇಕಲ್ಲ!”

ಈಗ ದಿನಾ ಹನ್ನೆರಡಕ್ಕೆ ಅವರು ಮನೆಯಿಂದ, ಇವರು ಆಸ್ಪತ್ರೆಯಿಂದ ಹೊರಡುತ್ತಾರೆ. ಕಾಲುವೆಯ ಕಾಲುಸೇತುವೆಯ ಹತ್ತಿರ ಎದುರಾಗುತ್ತಾರೆ. ಸಿಕ್ಕ ಮೇಲೆ ಬೇಡಮ್ಮ ಮನೆ ಕಡೆ ಹೋಗುವುದಿಲ್ಲ, ಬಂದ ದಾರಿಯಲ್ಲೇ ತಿರುಗಿ ಗಂಡನ ಜೊತೆ ಗೋದಾಮಿನ ಗೇಟಿನವರೆಗೆ ನಡೆಯುತ್ತಾರೆ. ಗೋದಾಮು ಆಸ್ಪತ್ರೆಗಿಂತ ಇನ್ನೂ ಆಚೆ. ತಗಡಿನ ಬಾಗಿಲ ಮುಂದೆ ಹಾಯುವಾಗ ಜೊತೆಗಾತಿಯರು, “ಏನ್ರೀ ಬೇಡಮ್ಮ, ಮತ್ತೆ ಡ್ಯೂಟಿಗಾ?” ಎಂದು ಕಾಲೆಳೆಯುತ್ತಾರೆ. ಗಂಡ ನಾಚಿ ನೆಲ ನೋಡುತ್ತಾರೆ. ಗೇಟಿನಿಂದ ಮನೆಗೆ ಇವರು ಒಬ್ಬರೇ ಮರಳಬೇಕು. ದಿನದ ನಡಿಗೆ ದುಪ್ಪಟ್ಟಾಗಿದೆ, ಚಪ್ಪಲಿಗೆಂದೇ ಡಬ್ಬಿಯಲ್ಲಿ ಬೇರೆ ಪಾಲು ಇಟ್ಟಿದ್ದಾರೆ.

“ಐದು ನಿಮಿಷ ಇದ್ದದ್ದು ಅರ್ಧ ಗಂಟೆ ಆಯ್ತು. ಅದೂ ಪುಕ್ಕಟೆ! ಇಷ್ಟು ಅಗ್ಗಕ್ಕೆ ನಾನು ಜೀವಮಾನದಲ್ಲಿ ಏನೂ ತಗೊಂಡಿಲ್ಲ,” ಎನ್ನುವಾಗ ಅವರ ಕಣ್ಣು ಅರಳುತ್ತದೆ. ಮುಂಗಡಕ್ಕೆ ಇನ್ನು ಸ್ವಲ್ಪವೇ ಬಾಕಿ. ಮುದುಕರಿಗೆ ಮೊನ್ನೆ ಯಾರೋ ಹೆಚ್ಚು ಕೊಡುತ್ತೇನೆಂದರಂತೆ. ಮಾತು ಕೊಟ್ಟಿದ್ದೇನೆ ಎಂದು ಕಳಿಸಿದ್ದಾರೆ, ಆದರೆ ಬೇಸಿಗೆ ಮುಗಿದ ಮೇಲೆ ಆ ಮಾತಿಗೆ ಬಲವಿಲ್ಲ. ಅದು ನೆನಪಾದಾಗಲೆಲ್ಲ ಬೇಡಮ್ಮ ಮಡಚುವ ವೇಗ ಹೆಚ್ಚುತ್ತದೆ.

ಹನ್ನೆರಡು ಹೊಡೆಯುತ್ತದೆ. ಕೈ ಒರೆಸಿಕೊಂಡು ಹೊರಡುವವರನ್ನು, ಅಂಗಡಿ ಸಿಕ್ಕ ಮೊದಲ ದಿನ ಏನು ಮಾಡುತ್ತೀರಿ ಎಂದು ಕೇಳಿದರೆ, ಯೋಚಿಸಲು ಕ್ಷಣವೂ ತೆಗೆದುಕೊಳ್ಳುವುದಿಲ್ಲ.

“ಜಗಳ ಆಡ್ತೀನಿ. ಅವರ ಮೇಲೆ ಎಷ್ಟೊಂದು ಕೋಪ ಇದೆ ಗೊತ್ತಾ, ಆರು ವರ್ಷದ್ದು! ಶುರು ಮಾಡೋಷ್ಟರಲ್ಲಿ ಗೇಟು ಬಂದ್ಬಿಡುತ್ತೆ. ಅರ್ಧ ಜಗಳ ಬಾಯಲ್ಲಿಟ್ಕೊಂಡು ಅವರನ್ನ ಒಳಗೆ ಕಳಿಸೋಕೆ ಮನಸ್ಸು ಬರಲ್ಲ, ನುಂಗ್ಕೋತೀನಿ. ಒಂದೇ ಒಂದಿನ ಬೆಳಿಗ್ಗೆ ಜಗಳ ಶುರು ಮಾಡ್ಬೇಕು, ಮಧ್ಯಾಹ್ನದವರೆಗೂ ಮುಖ ತಿರುಗಿಸ್ಕೊಂಡು ಕೂತಿರ್ಬೇಕು, ಸಂಜೆ ಹೊತ್ತಿಗೆ ಅವರೇ ಬಂದು ಮಾತಾಡಿಸ್ಬೇಕು. ಎಲ್ಲಾ ಅದೇ ದಿನ. ಅದೊಂದು ಮಾತ್ರ ನಂಗೆ ಬೇಕು.”