ಟೀಚರ್ ಬರೆಸಿದ ಊರು

ಮೊನ್ನೆ ಗಿರಾಕಿಯೊಬ್ಬರು ವೀಸಾ ಅರ್ಜಿಯ ಕಾಗದಗಳನ್ನು ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿಯಿಂದ ತೆಗೆದರು. ಹಳೆಯ ಕಾಗದ, ತಗಡು ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ನನಗೆ ಟೀಚರ್ ನೆನಪಾದರು.

ಗಲ್ಫಿನ ಸತ್ವಾ ಪೇಟೆಯ ಈ ಟೈಪಿಂಗ್ ಸೆಂಟರಿಗೆ ನಾನು ಸೇರಿದ ಹೊಸತು. ಟೀಚರ್ ಇಂಗ್ಲೆಂಡಿನವರು, ಇಲ್ಲಿಯ ಶಾಲೆಯೊಂದರಲ್ಲಿ ಪಾಠ ಹೇಳಿ ನಿವೃತ್ತರಾದವರು. ಕಣ್ಣು ಮಂಜಾಗುತ್ತಿತ್ತು. ವೀಸಾ ಮುಗಿಯಲು ಎರಡೇ ತಿಂಗಳು. ಅಷ್ಟರೊಳಗೆ ತಮ್ಮ ಹುಟ್ಟೂರಿನ ಚರಿತ್ರೆ ಬರೆದು ಮುಗಿಸಬೇಕೆಂಬ ಹಟ. ಅಂಥದೇ ಬಿಸ್ಕತ್ತಿನ ಡಬ್ಬಿಯಲ್ಲಿ ಅವರು ತರುತ್ತಿದ್ದ ಹಳೆಯ ದಾಖಲೆ ನಾನು ಓದಬೇಕು, ಅವರು ಹೇಳಿದ್ದನ್ನು ಟೈಪ್ ಮಾಡಬೇಕು.

ಅದು ಒಂದು ಚರ್ಚಿಗೆ ಸೇರಿದ ಪುಟ್ಟ ಹಳ್ಳಿ, ಅಲ್ಲಿಯವರ ಮಾತಿನಲ್ಲಿ ಪ್ಯಾರಿಷ್. ಜನ ಕಡಿಮೆಯಾದರೆಂದು ಪಕ್ಕದ ಪ್ಯಾರಿಷ್‌ಗೆ ಸೇರಿಸಿಬಿಟ್ಟಿದ್ದರಂತೆ. ನಮ್ಮ ಕಡೆಯ ಗುತ್ತಿನ ಮನೆಯಂಥ, ಊರ ಒಡೆಯರ ದೊಡ್ಡ ಮನೆಯಾದ ಮ್ಯಾನರ್ ಹೌಸನ್ನೂ ಕೆಡವಿದ್ದರು. ಆ ಮನೆಯ ತೋಟದ ಮಾಲಿಯ ಮಗಳು ನಮ್ಮ ಟೀಚರ್.

ಒಡೆಯರ ಕಥೆ ಒಂದೇ ಪುಟದಲ್ಲಿ ಮುಗಿಯಿತು. ಉಳಿದದ್ದೆಲ್ಲ ಚರ್ಚಿನ ದಾಖಲೆಯಲ್ಲಿದ್ದ ಜನ: ಬಟ್ಟೆ ಒಗೆಯುವವಳು, ಕುದುರೆ ನೋಡಿಕೊಳ್ಳುವವನು, ಹುಟ್ಟಿ ಮೂರೇ ದಿನಕ್ಕೆ ಹೋದ ಕೂಸು... ಶತಮಾನಗಳ ಹಿಂದಿನವರು. ನಾನು ಒಬ್ಬ ಕೂಲಿಯವನ ಹೆಸರು ಓದಿದರೆ ಟೀಚರ್ ಕಣ್ಣು ಮುಚ್ಚಿ, ಅವನ ಗುಡಿಸಲು ಯಾವ ಹೊಲದ ಅಂಚಿನಲ್ಲಿತ್ತೆಂದು ಹೇಳುತ್ತಿದ್ದರು.

ಒಂದು ಮಧ್ಯಾಹ್ನ ಓದುತ್ತಿದ್ದವಳು ತಟ್ಟನೆ ನಿಂತೆ. ‘ದೊಡ್ಡ ಮನೆಯ ಆಯಾ, ಇಂಡಿಯಾದವಳು, ಮಣ್ಣು ಮಾಡಲಾಯಿತು.’ ಅಷ್ಟೇ. ಹೆಸರಿಲ್ಲ.

“ಮೇಡಂ, ‘ಹೆಸರು ಗೊತ್ತಿಲ್ಲ’ ಅಂತ ಹಾಕ್ಲಾ?”

“ಬೇಡ. ಅವಳಿಗೆ ಗೊತ್ತಿತ್ತಲ್ಲ. ಅಷ್ಟು ಜಾಗ ಖಾಲಿ ಬಿಡು, ಯಾರಾದರೂ ಹುಡುಕಿ ತುಂಬಲಿ.”

ಮೊದಲು ಹುಡುಕಿದವರು ಅವರೇ. ಇದ್ದ ಅಲ್ಪ ಸಮಯದಲ್ಲೂ ಒಂದು ವಾರ ಮಿಕ್ಕ ಕೆಲಸ ಬದಿಗಿಟ್ಟು, ಅಲ್ಲಿಯ ಗ್ರಂಥಾಲಯಗಳಿಗೆ, ಒಡೆಯರ ವಂಶದವರಿಗೆ ನನ್ನಿಂದ ಪತ್ರ ಬರೆಸಿದರು. ನನ್ನ ನಾಡಿನ ಹೆಣ್ಣೊಬ್ಬಳಿಗಾಗಿ ಅವರು ಹಾಗೆ ಹಂಬಲಿಸಿದರು. ಉತ್ತರಗಳು ಬಂದವು, ಹೆಸರು ಬರಲಿಲ್ಲ. ಕೊನೆಯ ಪುಟ ಮುಗಿದಾಗ ವಿಮಾನಕ್ಕೆ ಎರಡು ದಿನವಿತ್ತು.

ಅವರು ತೀರಿಹೋದರೆಂದು ಎರಡು ವರ್ಷದ ಹಿಂದೆ ಅವರ ಅಕ್ಕನ ಮಗಳು ಇಮೇಲ್ ಬರೆದಿದ್ದರು. ಮಣ್ಣು ಮಾಡಿದ್ದು ಅದೇ ಹಳೆಯ ಚರ್ಚಿನ ಅಂಗಳದಲ್ಲಂತೆ.

ಮೊನ್ನೆ ಸಂಜೆ, ಆ ಆಯಾಳಿಗಾಗಿ ಖಾಲಿ ಬಿಟ್ಟ ಜಾಗ ನೆನಪಾಗಿ, ಬ್ರಹ್ಮಾವರದಲ್ಲಿರುವ ದೊಡ್ಡಮ್ಮನಿಗೆ ಫೋನ್ ಮಾಡಿ, ನನ್ನ ಅಜ್ಜಿಯ ತಾಯಿಯ ಹೆಸರೇನೆಂದು ಕೇಳಿದೆ.

“ಈಗ ಎಂತಕ್ಕೆ ಅದೆಲ್ಲ ನಿಂಗೆ?” ಎಂದರು. ಆಮೇಲೆ ತಮ್ಮಷ್ಟಕ್ಕೇ ಏನೇನೋ ಹೆಸರು ಗೊಣಗಿಕೊಂಡರು... “ಅಕ್ಕಣಿ. ಹೌದು, ಅಕ್ಕಣಿಯೇ. ಎಷ್ಟು ವರ್ಷ ಆಯ್ತು ಮಾರಾಯ್ತಿ, ಆ ಹೆಸ್ರು ಬಾಯಲ್ಲಿ ಬಾರದೆ!”

ಕಾಗದದ ಮೇಲೆ ಬರೆದುಕೊಂಡೆ. ತೋರಿಸಬೇಕೆನಿಸಿದ್ದು ಟೀಚರ್ ಒಬ್ಬರಿಗೇ. ಅವರಿಲ್ಲ.